ಮತ್ತಾಯನ ಸುವಾರ್ತೆಯ ಬಾಗಿಲಲ್ಲಿರುವ ಹೆಸರುಗಳು

(ಪಾಠಭಾಗ: ಮತ್ತಾಯ 1ನೆಯ ಅಧ್ಯಾಯ, 1ರಿಂದ 17ರ ವರೆಗಿನ ವಚನಗಳು)

ಹೊಸ ಒಡಂಬಡಿಕೆಯನ್ನು ಮೊದಲಿನಿಂದ ಕಡೆಯ ವರೆಗೆ ಓದಬೇಕೆಂದು ಸಂಕಲ್ಪಮಾಡಿ ಕೂತುಕೊಳ್ಳುವವರು ಮೊದಲನೆಯ ಪುಟದಲ್ಲಿಯೇ ಎಡವುವದನ್ನು ನಾವು ಅನೇಕ ಮನೆಗಳಲ್ಲಿ ಕಂಡಿದ್ದೇವೆ. ದೀಪ ಹಚ್ಚಿ, ಚಾಪೆ ಹಾಸಿ, ಮನೆಯವರೆಲ್ಲರೂ ಕೂಡಿದ ಮೇಲೆ, ಓದುವ ಹುಡುಗನು ನಾಲ್ಕು ಹೆಸರುಗಳನ್ನು ತೊದಲುತ್ತಾ ಹೇಳಿ ಐದನೆಯದರಲ್ಲಿ ನಿಂತುಬಿಡುತ್ತಾನೆ. ಆಗ ಹಿರಿಯರೊಬ್ಬರು, "ಅವು ಬರೇ ಹೆಸರುಗಳು, ಬಿಟ್ಟು ಮುಂದೆ ಓದು" ಅನ್ನುತ್ತಾರೆ. ಹುಡುಗನು ಸಂತೋಷದಿಂದ ಹದಿನೇಳು ವಚನಗಳನ್ನು ಒಂದೇ ಹೆಜ್ಜೆಗೆ ದಾಟಿ ಯೋಸೇಫನ ಸ್ವಪ್ನಕ್ಕೆ ಬಂದು ಸೇರುತ್ತಾನೆ. ಹೀಗೆ ಮಾಡುವವರನ್ನು ನಾವು ಗದರಿಸಲಾರೆವು. ಆದರೂ ಈ ತಿಂಗಳ ಪಾಠದಲ್ಲಿ ಆ ಹದಿನೇಳು ವಚನಗಳ ಮುಂದೆಯೇ ಸ್ವಲ್ಪ ಹೊತ್ತು ಕೂತಿರೋಣ. ಯಾಕಂದರೆ ಮತ್ತಾಯನು ಇವುಗಳನ್ನು ಮೂಲೆಯಲ್ಲಿ ಇಡದೆ ಬಾಗಿಲಲ್ಲಿ ಇಟ್ಟಿದ್ದಾನೆ.

ನಾಲ್ವರು ಸುವಾರ್ತಿಕರೂ ನಮ್ಮನ್ನು ಒಂದೇ ಬಾಗಿಲಿನಿಂದ ಒಳಗೆ ಕರಕೊಂಡು ಹೋಗುವದಿಲ್ಲ. ಮಾರ್ಕನು ಜನನದ ಮಾತನ್ನೇ ಎತ್ತದೆ, ಅಡವಿಯಲ್ಲಿ ಕೂಗುವ ಸ್ನಾನಿಕನಾದ ಯೋಹಾನನ ಬಳಿಗೆ ನಮ್ಮನ್ನು ಓಡಿಸುತ್ತಾನೆ. ಲೂಕನು ಥೆಯೊಫಿಲನೆಂಬ ಮಾನ್ಯನಿಗೆ ಪತ್ರ ಬರೆಯುವವನಂತೆ, ತಾನು ಎಲ್ಲವನ್ನೂ ವಿಚಾರಿಸಿ ತಿಳುಕೊಂಡದ್ದನ್ನು ಹೇಳಿ ಪ್ರಾರಂಭಿಸುತ್ತಾನೆ. ಯೋಹಾನನು ಲೋಕವು ಉಂಟಾಗುವದಕ್ಕಿಂತಲೂ ಹಿಂದಕ್ಕೆ ಹೋಗುತ್ತಾನೆ. ಮತ್ತಾಯನೊಬ್ಬನೇ ಒಂದು ಪಟ್ಟಿಯನ್ನು ನಮ್ಮ ಕೈಗೆ ಕೊಡುತ್ತಾನೆ. ಗ್ರೀಕ್ ಭಾಷೆಯಲ್ಲಿ ಅವನ ಮೊದಲನೆಯ ಎರಡು ಮಾತುಗಳು, ಆದಿಕಾಂಡದ ಗ್ರೀಕ್ ತರ್ಜುಮೆಯಲ್ಲಿ ಆಕಾಶಭೂಮಿಗಳ ವೃತ್ತಾಂತಕ್ಕೂ ಆದಾಮನ ಸಂತಾನದ ಪಟ್ಟಿಗೂ ತಲೆಬರಹವಾಗಿರುವ ಮಾತುಗಳೇ. ಆ ಶಾಸ್ತ್ರವನ್ನು ಬಲ್ಲ ಯೆಹೂದ್ಯನು ಇದನ್ನು ಕೇಳಿದ ಕೂಡಲೇ, ಇಲ್ಲಿ ದೇವರು ಒಂದು ಹೊಸ ಪ್ರಾರಂಭವನ್ನು ಮಾಡುತ್ತಿದ್ದಾನೆಂದು ಕಿವಿ ನಿಮಿರಿಸುವನು.

ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇವೆ. 1897ನೆಯ ಇಸವಿಯಲ್ಲಿ ಗ್ರೆನ್‌ಫೆಲ್, ಹಂಟ್ ಎಂಬ ಇಬ್ಬರು ವಿದ್ವಾಂಸರು ಐಗುಪ್ತದೇಶದ ಆಕ್ಸಿರಿಂಕಸ್ ಎಂಬ ಹಳೆಯ ಪಟ್ಟಣದ ತಿಪ್ಪೆಗಳನ್ನು ಅಗಿಸುತ್ತಿದ್ದಾಗ, ಜಂಬುಕಾಗದದ ಒಂದು ಹರಕು ಹಾಳೆ ಸಿಕ್ಕಿತು. ಅದು 3ನೆಯ ಶತಮಾನದಲ್ಲಿ ಬರೆದದ್ದು. ಅದರಲ್ಲಿ ಇದ್ದದ್ದು ಮತ್ತಾಯನ ಮೊದಲನೆಯ ಅಧ್ಯಾಯ, ಅಂದರೆ ಈ ಹೆಸರುಗಳೇ. ಹೊಸ ಒಡಂಬಡಿಕೆಯ ಜಂಬುಪತ್ರಗಳಿಗೆ ಪಂಡಿತರು ಅಂಕೆಗಳನ್ನು ಕೊಟ್ಟಾಗ ಇದಕ್ಕೇ ಒಂದನೆಯ ಅಂಕೆ ಬಂತು. ಈಗ ಅದು ಅಮೇರಿಕದ ಫಿಲಡೆಲ್ಫಿಯ ಪಟ್ಟಣದಲ್ಲಿದೆ. ನಾವು ಬಿಟ್ಟು ಮುಂದೆ ಹೋಗುವ ಪುಟವನ್ನು ಐಗುಪ್ತದ ಯಾರೋ ಒಬ್ಬ ವಿಶ್ವಾಸಿಯು ಕೈಯಿಂದ ಬರೆದು ಇಟ್ಟುಕೊಂಡಿದ್ದನು.

ಯೆಹೂದ್ಯರಿಗೆ ವಂಶಾವಳಿಯೆಂದರೆ ಏನೆಂಬದನ್ನು ತಿಳುಕೊಳ್ಳಬೇಕಾದರೆ ಎಜ್ರನ ಪುಸ್ತಕದ 2ನೆಯ ಅಧ್ಯಾಯವನ್ನು ತೆರೆಯಿರಿ. ಬಾಬೆಲಿನ ಸೆರೆಯಿಂದ ಜನರು ಜೆರುಬ್ಬಾಬೆಲನ ಸಂಗಡ ಯೆರೂಸಲೇಮಿಗೆ ಹಿಂತಿರುಗಿದಾಗ, ಯಾರು ಯಾವ ಮನೆತನದವರೆಂದು ಎಣಿಕೆಯಾಯಿತು. ಆಗ 652 ಮಂದಿ ತಾವು ಇಸ್ರಾಯೇಲ್ಯರ ಸಂತಾನದವರೆಂದು ತೋರಿಸಿಕೊಡಲಾರದೆ ಹೋದರು. ಇಷ್ಟು ದೂರ ನಡೆದು ಬಂದವರು, ಸೆರೆಯ ಕಷ್ಟವನ್ನು ಎಲ್ಲರ ಹಾಗೆಯೇ ಉಂಡವರು, ಒಂದು ಹೆಸರು ಸಿಕ್ಕದೆ ಇದ್ದದ್ದರಿಂದ ಪಟ್ಟಿಯ ಕೆಳಗೆ ಬೇರೆಯಾಗಿ ಬರೆಯಲ್ಪಟ್ಟರು. ಯಾಜಕರೆನಿಸಿಕೊಂಡ ಕೆಲವು ಮನೆತನದವರು ತಮ್ಮ ಹೆಸರುಗಳನ್ನು ದಾಖಲೆಯಲ್ಲಿ ಹುಡುಕಿ ಕಾಣದೆ, ಯಾಜಕಸೇವೆಯಿಂದಲೂ ಪವಿತ್ರ ಭೋಜನದಿಂದಲೂ ದೂರವಿರಬೇಕಾಯಿತು. ಮುಂದೆ ಕರ್ತನ ಕಾಲಕ್ಕೆ ಸಮೀಪವಾಗಿದ್ದ ಯೋಸೇಫಸ್ ಎಂಬ ಯೆಹೂದ್ಯ ಚರಿತ್ರೆಗಾರನು ತನ್ನ ಜೀವನವೃತ್ತಾಂತವನ್ನು ಬರೆಯುವಾಗ ಮೊದಲು ತನ್ನ ವಂಶವನ್ನು ಹೇಳಿ, ಇದನ್ನು ಸಾರ್ವಜನಿಕ ದಾಖಲೆಗಳಲ್ಲಿ ಕಂಡಂತೆ ಬರೆದಿದ್ದೇನೆ ಅನ್ನುತ್ತಾನೆ. ಹೀಗೆ ಆ ಜನರಲ್ಲಿ ವಂಶಾವಳಿಯು ಮನುಷ್ಯನ ಹಕ್ಕುಪತ್ರವಾಗಿತ್ತು. ಅದು ಇದ್ದವನು ಒಳಗೆ, ಇಲ್ಲದವನು ಹೊರಗೆ.

ಇದು ನಮಗೆ ತಿಳಿಯದ ಸಂಗತಿಯಲ್ಲ. ನಮ್ಮ ಸೀಮೆಯ ಹಳ್ಳಿಗಳಿಗೆ ಸುಗ್ಗಿಯ ತರುವಾಯ ಹೆಳವರು ಬರುವದುಂಟು. ಮನೆಯ ಮುಂದೆ ನಿಂತು ತಂದೆ, ಅಜ್ಜ, ಮುತ್ತಜ್ಜಂದಿರ ಹೆಸರುಗಳನ್ನು ಒಂದೊಂದಾಗಿ ಹೊಗಳಿ ಹೇಳಿ ಕಾಳುಕಡಿಗಳನ್ನು ಪಡಕೊಂಡು ಹೋಗುತ್ತಾರೆ. ಆ ಹೊತ್ತಿನಲ್ಲಿ ಮನೆಯ ಯಜಮಾನನ ಮುಖವನ್ನು ನೋಡಿದವರು, ಹೆಸರುಗಳ ಪಟ್ಟಿಯು ಒಣ ಸಂಗತಿಯೆಂದು ಹೇಳಲಾರರು. ಆದರೆ ಹೆಳವನ ಪುಸ್ತಕದಲ್ಲಿ ಊರಿನ ಎಲ್ಲಾ ಮನೆಗಳೂ ಇರುವದಿಲ್ಲ. ಮತ್ತು ಕಾಳು ಕೊಡುವ ಮನೆಯ ಮಾನಕ್ಕೆ ಕುಂದು ತರುವ ಹೆಸರನ್ನು ಅವನು ಅಂಗಳದಲ್ಲಿ ನಿಂತು ಎತ್ತುವನೋ? ಮತ್ತಾಯನ ಪಟ್ಟಿಯನ್ನು ಓದುವಾಗ ಈ ಪ್ರಶ್ನೆಯನ್ನು ನೆನಪಿನಲ್ಲಿಟ್ಟುಕೊಳ್ಳಿರಿ.

ಮೊದಲು ಪಟ್ಟಿಯ ಕಟ್ಟಡವನ್ನು ನೋಡೋಣ. ಸುವಾರ್ತಿಕನು ಅಬ್ರಹಾಮನಿಂದ ದಾವೀದನ ವರೆಗೆ, ದಾವೀದನಿಂದ ಬಾಬೆಲಿನ ಸೆರೆಯ ವರೆಗೆ, ಅಲ್ಲಿಂದ ಕ್ರಿಸ್ತನ ವರೆಗೆ, ಹದಿನಾಲ್ಕು ಹದಿನಾಲ್ಕು ತಲೆಗಳಾಗಿ ಮೂರು ಭಾಗ ಮಾಡಿದ್ದಾನೆ. ಇಬ್ರಿಯರು ಅಕ್ಷರಗಳನ್ನೇ ಅಂಕೆಗಳಾಗಿಯೂ ಉಪಯೋಗಿಸುತ್ತಿದ್ದರು. ದಾವೀದನೆಂಬ ಹೆಸರಿನ ಮೂರು ಅಕ್ಷರಗಳನ್ನು ನಾಲ್ಕು, ಆರು, ನಾಲ್ಕು ಎಂದು ಕೂಡಿಸಿದರೆ ಹದಿನಾಲ್ಕಾಗುವದು. ಪಟ್ಟಿಯ ಹದಿನಾಲ್ಕನೆಯ ಹೆಸರೂ ದಾವೀದನದೇ. ಹೀಗಿರಲಾಗಿ ಸುವಾರ್ತಿಕನ ಅಭಿಪ್ರಾಯವು ಸ್ಪಷ್ಟವಾಗಿದೆ. ಬರಬೇಕಾಗಿದ್ದ ಅರಸನು ಬಂದನೆಂದು ಅವನು ಎಣಿಕೆಯ ಮೂಲಕವೇ ಸಾರುತ್ತಾನೆ.

ಬೆರಳಿಟ್ಟು ಎಣಿಸುವವರು ನಮ್ಮಲ್ಲಿ ಉಂಟು. ಅವರಿಗೆ ಎರಡು ಸಂಗತಿಗಳು ಸಿಕ್ಕುವವು. ಕ್ರಿಸ್ತನನ್ನು ಸೇರಿಸಿ ಒಟ್ಟು ಹೆಸರುಗಳು 41 ಇವೆ, 42 ಇಲ್ಲ. ದಾವೀದನನ್ನೋ ಯೆಕೊನ್ಯನನ್ನೋ ಎರಡು ಭಾಗಗಳಲ್ಲಿಯೂ ಎಣಿಸಬೇಕೆಂದು ಪಂಡಿತರು ಹೇಳುತ್ತಾರೆ. ಇನ್ನೊಂದು, ಯೆಹೋರಾಮನಿಗೂ ಉಜ್ಜೀಯನಿಗೂ ನಡುವೆ ಅಹಜ್ಯ, ಯೆಹೋವಾಷ, ಅಮಚ್ಯ ಎಂಬ ಮೂವರು ಅರಸರು ಬಿಟ್ಟುಹೋಗಿದ್ದಾರೆ. ಅವರು ಅಹಾಬನ ಮಗಳಾದ ಅತಲ್ಯಳ ಸಂತಾನವಾದದರಿಂದ ಬಿಟ್ಟನೆಂದು ಹಿಂದಿನ ಕೆಲವು ವ್ಯಾಖ್ಯಾನಕಾರರು ಹೇಳಿದ್ದಾರೆ. ಹದಿನಾಲ್ಕರ ಎಣಿಕೆಗಾಗಿಯೇ ಬಿಟ್ಟನೆಂದು ಬೇರೆಯವರು ಹೇಳುತ್ತಾರೆ. ಮೊಮ್ಮಗನನ್ನೂ ಮರಿಮಗನನ್ನೂ ಮಗನೆಂದು ಹೇಳುವದು ಆ ಜನರ ವಾಡಿಕೆಯಾಗಿತ್ತು. ಲೂಕನ 3ನೆಯ ಅಧ್ಯಾಯದಲ್ಲಿಯೂ ಒಂದು ವಂಶಾವಳಿ ಇದೆ; ಅದು ಹಿಮ್ಮುಖವಾಗಿ ಆದಾಮನ ವರೆಗೆ ಹೋಗುವದು, ಮತ್ತು ದಾವೀದನಿಂದ ಈಚೆಗೆ ಅದರ ಹೆಸರುಗಳು ಬಹುಮಟ್ಟಿಗೆ ಬೇರೆ. ಇದಕ್ಕೆ ಸಮಾಧಾನ ಹೇಳುವ ಪ್ರಯತ್ನವನ್ನು 3ನೆಯ ಶತಮಾನದಲ್ಲಿಯೇ ಆಫ್ರಿಕಾನಸ್ ಎಂಬವನು ಮಾಡಿದನು. ಸತ್ತ ಅಣ್ಣನ ಹೆಂಡತಿಯನ್ನು ತಮ್ಮನು ಮದುವೆಯಾಗಿ ಅಣ್ಣನ ಹೆಸರಿಗೆ ಸಂತಾನ ಹುಟ್ಟಿಸುವ ಮೋಶೆಯ ಕಟ್ಟಳೆಯನ್ನು ಅವನು ಆಧಾರಮಾಡಿಕೊಂಡಿದ್ದನು. ಹಿಂದಿನ ಶಾನುಭೋಗರ ಕಡತವನ್ನು ಓದುವಂತೆ ಈ ಪುಟವನ್ನು ಓದಿ ಕೂಡಿಸಿ ಕಳೆಯುವವರಿಗೆ ಇಲ್ಲಿ ಕೆಲಸ ಬಹಳ ಉಂಟು. ನಾವು ಅಲ್ಲಿ ನಿಲ್ಲುವದಿಲ್ಲ. ಮುಗಿಯದ ವಂಶಾವಳಿಗಳಲ್ಲಿ ಕಾಲ ಕಳೆಯಬಾರದೆಂದು ತಿಮೊಥೆಯನಿಗೂ ತೀತನಿಗೂ ಬರೆದ ಪತ್ರಿಕೆಗಳಲ್ಲಿ ಎಚ್ಚರಿಕೆ ಇದೆ.

ನಾವು ನಿಲ್ಲಬೇಕಾದದ್ದು ಹೆಂಗಸರ ಹೆಸರುಗಳ ಬಳಿಯಲ್ಲಿ. ತಂದೆಯಿಂದ ಮಗನಿಗೆ ಇಳಿಯುವ ಪಟ್ಟಿಯಲ್ಲಿ ತಾಯಂದಿರನ್ನು ಹೇಳುವ ಅವಶ್ಯವೇ ಇರಲಿಲ್ಲ. ಹೇಳಲೇಬೇಕಾಗಿದ್ದರೆ ಸಾರಳಿದ್ದಳು, ರೆಬೆಕ್ಕಳಿದ್ದಳು, ಲೇಯಳಿದ್ದಳು; ಇವರ ಹೆಸರುಗಳಿಂದ ಮನೆತನಕ್ಕೆ ಮಾನವು ಬರುತ್ತಿತ್ತು. ಮತ್ತಾಯನು ಇವರಲ್ಲಿ ಒಬ್ಬಳನ್ನಾದರೂ ಬರೆಯದೆ, ಮರಿಯಳಿಗಿಂತ ಮುಂಚೆ ನಾಲ್ವರನ್ನು ಬರೆದಿದ್ದಾನೆ: ತಾಮಾರಳು, ರಾಹಾಬಳು, ರೂತಳು, ಊರೀಯನ ಹೆಂಡತಿ.

ತಾಮಾರಳ ಸಂಗತಿಯು ಆದಿಕಾಂಡದ 38ನೆಯ ಅಧ್ಯಾಯದಲ್ಲಿದೆ. ಅದನ್ನು ಸಭೆಯಲ್ಲಿ ಓದುವದು ಅಪರೂಪ. ಅವಳು ಯೆಹೂದನ ಹಿರೀಸೊಸೆ. ಗಂಡನು ಸತ್ತನು, ಎರಡನೆಯ ಮಗನಿಗೆ ಕೊಟ್ಟರು, ಅವನೂ ಸತ್ತನು. ಮೂರನೆಯವನು ದೊಡ್ಡವನಾಗುವ ತನಕ ತವರಿನಲ್ಲಿರು ಎಂದು ಮಾವನು ಕಳುಹಿಸಿಬಿಟ್ಟನು. ಹುಡುಗನು ದೊಡ್ಡವನಾದ ಮೇಲೂ ಕರೇಕಳುಹಿಸಲಿಲ್ಲ. ಈ ಸೊಸೆಯ ಕಾಲ್ಗುಣದಿಂದ ಇವನೂ ಸತ್ತಾನೆಂಬ ಭಯವು ಅವನ ಹೃದಯದಲ್ಲಿತ್ತು. ಆಮೇಲೆ ಅವಳು ಮುಸುಕು ಹಾಕಿಕೊಂಡು ದಾರಿಯಲ್ಲಿ ಕೂತು, ಮಾವನಿಂದಲೇ ಗರ್ಭಿಣಿಯಾದಳು. ಯೆಹೂದನು ಸುದ್ದಿಯನ್ನು ಕೇಳಿ ಅವಳನ್ನು ಹೊರಗೆ ತಂದು ಸುಡಬೇಕೆಂದು ಅಪ್ಪಣೆಕೊಟ್ಟನು. ಆಗ ಅವಳು ಅವನ ಮುದ್ರೆಯನ್ನೂ ದಾರವನ್ನೂ ಕೋಲನ್ನೂ ಕಳುಹಿಸಿ, ಇವು ಯಾರವೆಂದು ನೋಡಬೇಕೆಂದಳು. ಆ ಯೆಹೂದನು ಹಿಂದೆ ತನ್ನ ತಮ್ಮನಾದ ಯೋಸೇಫನನ್ನು ಮಾರಿಬಿಡೋಣವೆಂದು ಅಣ್ಣತಮ್ಮಂದಿರಿಗೆ ಆಲೋಚನೆ ಹೇಳಿದವನು. ಅಂಥವನು ಈ ದಿನ ಎಲ್ಲರ ಮುಂದೆ, ನನಗಿಂತ ಇವಳೇ ನೀತಿವಂತಳೆಂದು ಒಪ್ಪಿಕೊಂಡನು. ಅವಳು ಮಾಡಿದ್ದನ್ನು ನಾವು ಮಾದರಿಯಾಗಿ ಇಡುವದಿಲ್ಲ. ಆದರೆ ವಿಧವೆಯಾದ ಸೊಸೆಯನ್ನು ತವರಿಗೆ ಕಳುಹಿಸಿ ಮರೆತುಬಿಡುವ ಮಾವಂದಿರು ಯೆಹೂದನ ಕಾಲದಲ್ಲಿ ಮಾತ್ರ ಇದ್ದರೋ? ಅವಳಿಗೆ ಹುಟ್ಟಿದ ಪೆರೆಚನು ದಾವೀದನಿಗೆ ಮೂಲಪುರುಷನಾದನು. ಮತ್ತು ರೂತಳ ಪುಸ್ತಕದ ಕೊನೆಯ ಅಧ್ಯಾಯವನ್ನು ನೋಡಿರಿ: ಬೇತ್ಲೆಹೇಮಿನ ಊರಬಾಗಿಲಲ್ಲಿ ಕೂಡಿದ ಹಿರಿಯರೂ ಜನರೂ ಬೋವಜನ ಮದುವೆಗೆ ಆಶೀರ್ವಾದ ಹೇಳುವಾಗ ತಾಮಾರಳ ಹೆಸರನ್ನೇ ಎತ್ತಿ ಹರಸುತ್ತಾರೆ. ಆ ಊರು ಅವಳನ್ನು ಮುಚ್ಚಿಡಲಿಲ್ಲ.

ರಾಹಾಬಳು ಯೆರಿಕೋವಿನ ಸೂಳೆ, ಕಾನಾನ್ಯಳು. ಅವಳ ಮನೆಯು ಊರಗೋಡೆಗೆ ಹತ್ತಿಕೊಂಡಿತ್ತು. ಗೂಢಚಾರರನ್ನು ಮಾಳಿಗೆಯ ಮೇಲೆ ಸೆಣಬಿನ ಕಡ್ಡಿಗಳಲ್ಲಿ ಬಚ್ಚಿಟ್ಟು ಕಾಪಾಡಿದಳೆಂದೂ, ಪಟ್ಟಣವು ಹಾಳಾದಾಗ ತನ್ನ ತಂದೆತಾಯಿಗಳೊಡನೆ ಉಳಿದು ಇಸ್ರಾಯೇಲ್ಯರ ನಡುವೆ ವಾಸಿಸಿದಳೆಂದೂ ಯೆಹೋಶುವನ ಪುಸ್ತಕವು ಹೇಳುತ್ತದೆ. ಅವಳು ಬೋವಜನ ತಾಯಿಯೆಂಬದನ್ನು ಹಳೇ ಒಡಂಬಡಿಕೆಯು ಹೇಳುವದಿಲ್ಲ, ಮತ್ತಾಯನು ಹೇಳುತ್ತಾನೆ. ಮುಚ್ಚಿಡುವದು ಎಷ್ಟು ಸುಲಭವಾಗಿತ್ತು ನೋಡಿರಿ! ಯಾರೂ ಕೇಳುತ್ತಿರಲಿಲ್ಲ. ಅವನು ತಾನಾಗಿಯೇ ಬರೆದನು.

ರೂತಳು ಮೋವಾಬ್ಯಳು. ಮೋವಾಬ್ಯರು ಹತ್ತನೆಯ ತಲೆಯಲ್ಲಿಯಾದರೂ ಕರ್ತನ ಸಭೆಗೆ ಸೇರಬಾರದೆಂಬ ಕಟ್ಟಳೆಯು ಧರ್ಮೋಪದೇಶಕಾಂಡದ 23ನೆಯ ಅಧ್ಯಾಯದಲ್ಲಿದೆ. ನೆಹೆಮೀಯನ ಕಾಲದಲ್ಲಿ ಅದನ್ನು ಜನರ ಮುಂದೆ ಓದಿ, ಅನ್ಯರನ್ನು ಬೇರೆಮಾಡಿದರು. ಬೆರಳಿಟ್ಟು ಎಣಿಸಿರಿ: ರೂತಳ ಮಗ ಓಬೇದ, ಮೊಮ್ಮಗ ಇಷಯ, ಮರಿಮಗ ದಾವೀದ. ಹತ್ತನೆಯ ತಲೆಗೆ ಇನ್ನೂ ಬಹಳ ದೂರವಿದೆ! ಆ ಕಟ್ಟಳೆಯು ಮೋವಾಬಿನ ಗಂಡಸರಿಗೆ ಮಾತ್ರವೆಂದು ಯೆಹೂದ್ಯರ ಬೋಧಕರು ಅರ್ಥ ಹೇಳಿದ್ದುಂಟು. ಅರಸನ ಮುತ್ತಜ್ಜಿಯ ವಿಷಯವು ಅವರಿಗೂ ಕಷ್ಟವಾಗಿಯೇ ಇದ್ದಿರಬೇಕು. ಅವಳು ಮುದಿ ಅತ್ತೆಯ ಹೊಟ್ಟೆಗಾಗಿ ಪರರ ಹೊಲದಲ್ಲಿ, ಕೊಯ್ಯುವವರ ಹಿಂದೆ, ಸಾಯಂಕಾಲದ ತನಕ ಹಕ್ಕಲಾಯ್ದು, ಆಯ್ದದ್ದನ್ನು ಬಡಿದು ಜವೆಗೋಧಿಯನ್ನು ಮನೆಗೆ ತಂದಳು. ಒಂದು ಸಭೆಯಲ್ಲಿ ನಾವು ಈ ಭಾಗವನ್ನು ವಿವರಿಸುತ್ತಿದ್ದಾಗ, ಆಯುಷ್ಯವೆಲ್ಲಾ ಕೂಲಿಮಾಡಿದ ಒಬ್ಬ ಮುದಿ ತಾಯಿಯು ನಡುವೆ ಬಾಯಿಹಾಕಿ, "ಹಕ್ಕಲಾ ಆರಿಸಿದಾಕೀ ಹೆಸರೂ ಬರದಾರೇನ್ರೀ ಅಯ್ಯನವರ?" ಎಂದು ಕೇಳಿದರು. ಬರೆದಿದ್ದಾರೆ ತಾಯೀ, ಅರಸನ ಹೆಸರಿಗಿಂತ ಮುಂಚೆ ಬರೆದಿದ್ದಾರೆ ಎಂದು ನಾವು ಉತ್ತರಕೊಟ್ಟೆವು.

ನಾಲ್ಕನೆಯವಳ ಹೆಸರನ್ನು ಮತ್ತಾಯನು ಬರೆಯುವದಿಲ್ಲ. ಬತ್ಷೆಬೆ ಎಂದು ಬರೆಯಬಹುದಾಗಿತ್ತು. ಅವಳು ಸೊಲೊಮೋನನ ತಾಯಿ, ಅರಮನೆಯಲ್ಲಿ ಮಾನಹೊಂದಿದವಳು. ಆದರೆ ಅವನು ಅವಳನ್ನು ಊರೀಯನವಳೆಂದು ಮಾತ್ರ ಹೇಳುತ್ತಾನೆ. ಅವಳನ್ನು ಹೀಗೆ ಕರೆದದ್ದು ಅವಳಿಗೆ ಅವಮಾನ ಮಾಡುವದಕ್ಕೆಂದು ನಮಗೆ ತೋರುವದಿಲ್ಲ. ದಾವೀದನು ಸೊಲೊಮೋನನಿಗೆ ತಂದೆಯಾದನೆಂದು ಬರೆಯುವ ಅದೇ ಸಾಲಿನಲ್ಲಿ ಇನ್ನೊಬ್ಬ ಗಂಡಸಿನ ಹೆಸರು ನಿಂತಿರುವದು. ಓದುವವರಿಗೆ ಆ ಕೊಲೆಯು ನೆನಪಿಗೆ ಬಾರದೆ ಇರಲಾರದು.

ಊರೀಯನು ಯಾರು? ಹಿತ್ತಿಯನು, ಹುಟ್ಟಿನಿಂದ ಪರಜನಾಂಗದವನು, ದಾವೀದನ ದಂಡಿನಲ್ಲಿ ಸೇವೆಮಾಡುವವನು. ಅರಸನು ಅವನ ಹೆಂಡತಿಯನ್ನು ತೆಗೆದುಕೊಂಡ ಮೇಲೆ, ತಪ್ಪನ್ನು ಮುಚ್ಚುವದಕ್ಕಾಗಿ ಅವನನ್ನು ಯುದ್ಧದಿಂದ ಕರೆಯಿಸಿ ಮನೆಗೆ ಹೋಗೆಂದನು. ಮಂಜೂಷವೂ ದಂಡಿನವರೂ ಬಯಲಿನಲ್ಲಿರುವಾಗ ತಾನು ಮನೆಗೆ ಹೋಗಿ ಸುಖವಾಗಿ ಮಲಗಲಾರೆನೆಂದು ಅವನು ಅರಮನೆಯ ಬಾಗಿಲಲ್ಲಿ ಸೇವಕರ ಸಂಗಡ ಮಲಗಿಕೊಂಡನು. ಆಗ ದಾವೀದನು ಸೇನಾಪತಿಯಾದ ಯೋವಾಬನಿಗೆ, ಇವನನ್ನು ಘೋರಯುದ್ಧದ ಮುಂಭಾಗದಲ್ಲಿಟ್ಟು ಹಿಂದೆ ಸರಿಯಬೇಕೆಂದು ಕಾಗದ ಬರೆದು, ಅದನ್ನು ಊರೀಯನ ಕೈಯಲ್ಲಿಯೇ ಕಳುಹಿಸಿದನು. ತನ್ನ ಮರಣದ ಕಾಗದವನ್ನು ತಾನೇ ಹೊತ್ತುಕೊಂಡು ಹೋದ ಈ ಮನುಷ್ಯನ ಹೆಸರನ್ನು ಎರಡನೆಯ ಸಮುವೇಲನ 23ನೆಯ ಅಧ್ಯಾಯದಲ್ಲಿ ದಾವೀದನ ಶೂರರ ಪಟ್ಟಿಯ ಕಟ್ಟಕಡೆಯಲ್ಲಿ ಕಾಣುವಿರಿ. ಅವನಿಗೆ ಮಕ್ಕಳಿದ್ದರೆಂದು ಎಲ್ಲಿಯೂ ಬರೆದಿಲ್ಲ. ಅರಮನೆಯ ವಂಶಾವಳಿಯಲ್ಲಿ ಅವನಿಗೆ ಯಾವ ಹಕ್ಕೂ ಇರಲಿಲ್ಲ. ಆದರೆ ಕ್ರಿಸ್ತನ ವಂಶಾವಳಿಯನ್ನು ಓದುವಾಗಲೆಲ್ಲಾ, ಅನ್ಯಾಯವಾಗಿ ಸತ್ತ ಈ ಪರದೇಶಸ್ಥನ ಹೆಸರನ್ನು ಬಾಯಿಬಿಟ್ಟು ಹೇಳದೆ ಅರಸನಾದ ಸೊಲೊಮೋನನನ್ನು ದಾಟುವದಕ್ಕಾಗುವದಿಲ್ಲ.

ಈ ನಾಲ್ವರನ್ನು ಸುವಾರ್ತಿಕನು ಯಾಕೆ ಬರೆದನು? 4ನೆಯ ಶತಮಾನದ ಕೊನೆಯಲ್ಲಿ ಜೆರೋಮನೆಂಬ ಪಂಡಿತನು, ಪಾಪಿಗಳಿಗಾಗಿ ಬಂದವನು ಪಾಪಿಗಳಾದ ಸ್ತ್ರೀಯರಿಂದ ಹುಟ್ಟಿದನೆಂದು ತೋರಿಸುವದಕ್ಕೆಂದು ಅರ್ಥ ಹೇಳಿದನು. ಅನೇಕ ಪ್ರಸಂಗಿಗಳು ಈಗಲೂ ಹಾಗೆ ಹೇಳುತ್ತಾರೆ. ನಮಗೆ ಇದು ಪೂರ್ಣವಾಗಿ ಒಪ್ಪಿಗೆಯಿಲ್ಲ. ರೂತಳಲ್ಲಿ ಯಾವ ಪಾಪವನ್ನು ಶಾಸ್ತ್ರವು ಹೇಳುತ್ತದೆ? ತಾಮಾರಳನ್ನು ಅವಳ ನ್ಯಾಯಾಧಿಪತಿಯೇ ನೀತಿವಂತಳೆಂದನು. ಊರೀಯನ ಹೆಂಡತಿಯನ್ನು ಕರೇಕಳುಹಿಸಿದವನು ಅರಸನು. ನಾತಾನ ಪ್ರವಾದಿಯು ಕುರಿಮರಿಯ ಸಾಮ್ಯವನ್ನು ಹೇಳಿ ಖಂಡಿಸಿದ್ದು ದಾವೀದನನ್ನು. ಪಾಪಿಗಳನ್ನು ಹುಡುಕುವವರು ಹೆಂಗಸರ ಬಳಿಗೆ ಯಾಕೆ ಹೋಗಬೇಕು? ಅದೇ ಪಟ್ಟಿಯಲ್ಲಿ ಮಗನನ್ನು ಬೆಂಕಿ ದಾಟಿಸಿದ ಆಹಾಜನಿದ್ದಾನೆ. ಐವತ್ತೈದು ವರುಷ ಆಳಿ ಯೆರೂಸಲೇಮನ್ನು ನಿರಪರಾಧಿಗಳ ರಕ್ತದಿಂದ ತುಂಬಿಸಿದ ಮನಸ್ಸೆಯಿದ್ದಾನೆ. ಆ ನಾಲ್ವರೂ, ವಂಶದ ಲೆಕ್ಕ ಹಿಡಿಯುವವರು ಹೊರಗೆ ನಿಲ್ಲಿಸಬಹುದಾಗಿದ್ದವರು. ಅವರಿಲ್ಲದೆ ವಂಶವೇ ಮುಂದೆ ನಡೆಯುತ್ತಿರಲಿಲ್ಲ. ಇಷ್ಟು ಮಾತ್ರ ನಾವು ಕಾಣುತ್ತೇವೆ.

ಅರಸರಲ್ಲಿ ಕಡೆಯವನಾದ ಯೆಕೊನ್ಯನ ವಿಷಯವಾಗಿ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆವು. ಅರಸುಗಳ ಪುಸ್ತಕದಲ್ಲಿ ಇವನಿಗೆ ಯೆಹೋಯಾಖೀನನೆಂಬ ಹೆಸರಿದೆ. ಮೂರೇ ತಿಂಗಳು ಆಳಿ, ಕ್ರಿಸ್ತಪೂರ್ವ 597ರಲ್ಲಿ ತಾಯಿಯ ಸಮೇತವಾಗಿ ಬಾಬೆಲಿಗೆ ಸೆರೆಹೋದನು. ಇವನನ್ನು ಮಕ್ಕಳಿಲ್ಲದವನೆಂದು ಬರೆಯಿರಿ, ಇವನ ಸಂತಾನದಲ್ಲಿ ಒಬ್ಬನಾದರೂ ದಾವೀದನ ಸಿಂಹಾಸನದಲ್ಲಿ ಕೂತುಕೊಳ್ಳಲಾರನು ಎಂಬ ಭಯಂಕರವಾದ ಮಾತು ಯೆರೆಮೀಯನ 22ನೆಯ ಅಧ್ಯಾಯದಲ್ಲಿದೆ. ಜರ್ಮನಿಯ ಪಂಡಿತರು 1899ರಿಂದ ಬಾಬೆಲಿನ ಹಾಳುಗಳನ್ನು ಅಗಿಸಿದಾಗ ಮಣ್ಣಿನ ಹಲಗೆಗಳು ಸಿಕ್ಕಿದವು. ಅವುಗಳನ್ನು ವೈಡ್ನರ್ ಎಂಬ ವಿದ್ವಾಂಸನು ಓದಿ 1939ರಲ್ಲಿ ಪ್ರಕಟಿಸಿದನು. ಅವು ಅರಮನೆಯ ಉಗ್ರಾಣದ ಲೆಕ್ಕಗಳು. ಅವುಗಳಲ್ಲಿ ಯೆಹೂದದ ಅರಸನಾದ ಇವನಿಗೂ ಇವನ ಐದು ಮಂದಿ ಮಕ್ಕಳಿಗೂ ಅಳೆದುಕೊಟ್ಟ ಎಣ್ಣೆಯ ಲೆಕ್ಕವಿದೆ. ದಾವೀದನ ಮನೆತನವು ಪರರ ಉಗ್ರಾಣದ ಬಾಗಿಲಲ್ಲಿ ಎಣ್ಣೆಗಾಗಿ ಪಾತ್ರೆ ಹಿಡಿಯುವ ಸ್ಥಿತಿಗೆ ಬಂದಿತ್ತು. ಮಕ್ಕಳಿಲ್ಲದವನೆಂದು ಬರೆಯಬೇಕೆಂಬ ಮಾತನ್ನು ಕೇಳಿದವನಿಗೆ ದೇವರು ಮಕ್ಕಳನ್ನು ಕೊಟ್ಟನು. ಅವನ ಮೊಮ್ಮಗನಾದ ಜೆರುಬ್ಬಾಬೆಲನು ಜನರನ್ನು ಮನೆಗೆ ನಡಿಸಿದನು. ಆ 652 ಮಂದಿಯ ಹೆಸರು ಸಿಕ್ಕದೆ ಹೋದ ದಿವಸದಲ್ಲಿ ಪಟ್ಟಿಯ ತಲೆಯಲ್ಲಿ ನಿಂತಿದ್ದವನು ಇವನೇ. ಇವನ ರಕ್ತದಲ್ಲಿ ಯೆರಿಕೋವಿನವಳೂ ಮೋವಾಬ್ಯಳೂ ಇದ್ದರೆಂಬದು ಅಂದು ಯಾರ ನೆನಪಿಗೂ ಬರಲಿಲ್ಲವೋ ಏನೋ.

ಇಲ್ಲಿಂದ ಮುಂದೆ ಪಟ್ಟಿಯು ಕತ್ತಲೆಯೊಳಗೆ ಹೋಗುತ್ತದೆ. ಅಬಿಹೂದ, ಎಲಿಯಕೀಮ, ಅಜೋರ, ಸದೋಕ, ಅಖೀಮ, ಎಲಿಹೂದ, ಎಲಿಯಾಜರ, ಮತ್ತಾನ, ಯಾಕೋಬ. ಈ ಒಂಭತ್ತು ಮಂದಿಯು ಯಾರು, ಎಲ್ಲಿದ್ದರು, ಏನು ಮಾಡಿದರು ಎಂಬದನ್ನು ಶಾಸ್ತ್ರದ ಬೇರೆ ಯಾವ ಪುಸ್ತಕವೂ ಹೇಳುವದಿಲ್ಲ. ಪಾರಸಿಯರು ಆಳಿದರು, ಗ್ರೀಕರು ಆಳಿದರು, ರೋಮಿನವರು ಬಂದರು. ಈ ಮನೆಯವರು ಹುಟ್ಟಿದರು, ದುಡಿದರು, ಮಕ್ಕಳನ್ನು ಸಾಕಿದರು, ಸತ್ತರು. ಅರಸುತನವು ಇವರಿಗೆ ಅಜ್ಜಿಯ ಕಥೆಯಾಗಿ ಮಾತ್ರ ಉಳಿದಿರಬೇಕು. ಕೊನೆಗೆ ನಜರೇತಿನಲ್ಲಿ ಮರಗೆಲಸ ಮಾಡುವ ಯೋಸೇಫನ ಹತ್ತಿರ ಬರುತ್ತೇವೆ. ನಮ್ಮ ಸಭೆಗಳಲ್ಲಿ ಮುತ್ತಜ್ಜನ ಹೆಸರು ಗೊತ್ತಿಲ್ಲದ ಮನೆಗಳು ಬಹಳ ಇವೆ. ಬರೆದಿಡುವವರು ಇರಲಿಲ್ಲ, ಬರೆಯುವ ವಿದ್ಯೆಯು ಆ ಕೇರಿಗೆ ಬಂದಿರಲಿಲ್ಲ. ಆ ಮನೆಯವರು ಈ ಒಂಭತ್ತು ಹೆಸರುಗಳನ್ನು ನಿಧಾನವಾಗಿ ಓದಲಿ.

ಈಗ ಒಂದು ಕಠಿಣವಾದ ಮಾತು. ಊರವರು ನಮ್ಮವರನ್ನು, ಕುಲಬಿಟ್ಟವರೆಂದೂ ಹಿರಿಯರನ್ನು ತೊರೆದವರೆಂದೂ ಹಂಗಿಸುವದುಂಟು, ಅದನ್ನು ಸಹಿಸಬಹುದು. ಆದರೆ ಒಂದೇ ರೊಟ್ಟಿಯನ್ನು ಮುರಿದು ತಿನ್ನುವ ಸಭೆಯೊಳಗೆ ಮದುವೆಯ ಮಾತು ಬಂದಾಗ, ಹುಡುಗನ ನಡತೆಯನ್ನೂ ಹುಡುಗಿಯ ಗುಣವನ್ನೂ ವಿಚಾರಿಸುವದಕ್ಕೆ ಮುಂಚೆ, "ಇವರ ಮೂಲ ಯಾವದು?" ಎಂದು ಹಿರಿಯರು ಕಿವಿಯಲ್ಲಿ ಕೇಳಿಕೊಳ್ಳುವದನ್ನು ಏನೆನ್ನೋಣ? ಕೆಲವರು ತಮ್ಮ ಹಳೆಯ ಕುಲದ ಹಿರಿಮೆಯನ್ನು ದೀಕ್ಷಾಸ್ನಾನದ ನೀರಿನಲ್ಲಿ ನೆನೆಯಗೊಡದೆ ತಲೆಯ ಮೇಲೆ ಹೊತ್ತುಕೊಂಡೇ ಹೊಳೆಯನ್ನು ದಾಟಿದ್ದಾರೆ. ಇನ್ನು ಕೆಲವರು ತಮ್ಮ ಮೂಲವನ್ನು ಮರೆಮಾಡುವದಕ್ಕಾಗಿ ದೂರದ ಊರಿನಲ್ಲಿ ಇಲ್ಲದ ಅಜ್ಜನನ್ನು ಹುಟ್ಟಿಸುತ್ತಾರೆ. ಇವರನ್ನು ನೋಡಿದರೆ ನಮಗೆ ಕೋಪ ಬರುವದಿಲ್ಲ, ದುಃಖ ಬರುತ್ತದೆ. ಈ ಎರಡು ಬಗೆಯವರೂ ಓದದೆ ಬಿಟ್ಟ ಪುಟ ಒಂದೇ. ಇದೇ ಸುವಾರ್ತೆಯಲ್ಲಿ ಎರಡು ಅಧ್ಯಾಯಗಳನ್ನು ದಾಟಿದರೆ, ಅಬ್ರಹಾಮನು ನಮ್ಮ ಮೂಲಪುರುಷನೆಂದು ಹೇಳಿಕೊಳ್ಳುವವರಿಗೆ ಸ್ನಾನಿಕನಾದ ಯೋಹಾನನು, ಹೊಳೆಯ ದಡದ ಕಲ್ಲುಗಳಿಂದಲೂ ದೇವರು ಅಬ್ರಹಾಮನಿಗೆ ಮಕ್ಕಳನ್ನು ಎಬ್ಬಿಸಬಲ್ಲನೆಂದು ಉತ್ತರಕೊಡುವದನ್ನು ಕಾಣುವಿರಿ. ವಂಶಾವಳಿಯಿಂದ ಪ್ರಾರಂಭಿಸಿದ ಸುವಾರ್ತಿಕನೇ ಇದನ್ನೂ ಬರೆದನು.

ಕಡೆಯ ಹೆಸರುಗಳಿಗೆ ಬರೋಣ. ಗ್ರೀಕ್ ಮೂಲದಲ್ಲಿ ತಂದೆಯು ಮಗನನ್ನು ಪಡೆದನೆಂಬ ಅರ್ಥದ ಒಂದೇ ಕ್ರಿಯಾಪದವು, ಒರಳಿನಲ್ಲಿ ಒನಕೆ ಬಿದ್ದ ಹಾಗೆ, 39 ಸಾರಿ ಬರುತ್ತದೆ. ನಾಲ್ವತ್ತನೆಯ ಸಾರಿ ಅದು ಬದಲಾಗುತ್ತದೆ. ಯೋಸೇಫನು ಯೇಸುವನ್ನು ಪಡೆದನೆಂದು ಬರೆಯದೆ, ಯೋಸೇಫನನ್ನು ಮರಿಯಳ ಗಂಡನೆಂದು ಹೇಳಿ, ಆಕೆಯಲ್ಲಿ ಯೇಸು ಹುಟ್ಟಿದನೆಂದು ಬರೆಯುತ್ತಾನೆ. ಓದುವವನು ಇಲ್ಲಿ ಧ್ವನಿಯನ್ನು ತಗ್ಗಿಸಿ ಒಂದು ಉಸಿರು ನಿಲ್ಲಿಸಬೇಕು. ಕೇಳುವವರಿಗೆ ಭೇದವು ತಾನಾಗಿಯೇ ತಿಳಿಯುವದು. ಆಮೇಲೆ ಪುಸ್ತಕವನ್ನು ಮುಚ್ಚದೆ 18ನೆಯ ವಚನಕ್ಕೆ ಹೋಗಲಿ. ಮದುವೆಗೆ ಮುಂಚೆ ಗರ್ಭಿಣಿಯಾದ ಹೆಣ್ಣಿನ ಮೇಲೆ ಊರು ಏನು ಮಾತಾಡುವದೆಂಬದು ನಮಗೆ ಗೊತ್ತಿದೆ. ಬೆಂಕಿಗೆ ನಡಿಸಲ್ಪಟ್ಟ ತಾಮಾರಳನ್ನು ಈಗ ತಾನೇ ಕಂಡವರಿಗೆ ಮರಿಯಳ ಅಪಾಯವು ಎಷ್ಟೆಂಬದೂ ತಿಳಿಯುವದು. ಯೋಸೇಫನ ಮುಂದೆ ಎರಡು ದಾರಿಗಳಿದ್ದವು. ನ್ಯಾಯಪ್ರಮಾಣದಂತೆ ಬಹಿರಂಗ ಮಾಡಬಹುದಾಗಿತ್ತು. ಇಲ್ಲವೆ ಗುಟ್ಟಾಗಿ ಬಿಟ್ಟುಬಿಡಬಹುದಾಗಿತ್ತು. ದೂತನು ಸ್ವಪ್ನದಲ್ಲಿ ಅವನನ್ನು ದಾವೀದನ ಮಗನೆಂದು ಕರೆದು ಮೂರನೆಯದನ್ನು ತೋರಿಸಿದನು.

ಯೋಸೇಫನು ಎದ್ದು ಮರಿಯಳನ್ನು ಮನೆಗೆ ಕರಕೊಂಡು ಬಂದನು. ಮಗುವು ಹುಟ್ಟಿದ ಮೇಲೆ ಹೆಸರಿಟ್ಟವನು ಅವನೇ. ಅವರ ಪದ್ಧತಿಯಲ್ಲಿ ಹೆಸರಿಡುವವನು ಆ ಮಗುವನ್ನು ತನ್ನದೆಂದು ಊರಿನ ಮುಂದೆ ಒಪ್ಪಿಕೊಳ್ಳುವವನು. ಅಬ್ರಹಾಮನಿಂದ ಇಳಿದು ಬಂದ ಆ ಉದ್ದವಾದ ಪಟ್ಟಿಯೆಲ್ಲವೂ, ಹೆತ್ತವನಲ್ಲದ ಒಬ್ಬ ಬಡಗಿಯು ಬಾಯಿತೆರೆದು ಹೇಳಿದ ಆ ಒಂದು ಹೆಸರಿನ ಮೂಲಕ ಯೇಸುವಿಗೆ ಸೇರಿತು.